ಹಲ್ಲಿಗೆ ಸಿಕ್ಕ ದಾರ

ಜೋತಾಡುತ್ತಿದೆ, ಕಾಲರಿನಿಂದ ಎರಡನೆಯ ಗುಂಡಿ, ಒಂದೇ ಒಂದು ಎಳೆಯ ಮೇಲೆ, ಅವನು ಬಗ್ಗಿ ನೀರಿನ ಲೋಟ ಇಡುವಾಗ ಹೊರಕ್ಕೆ ತೂಗಿ ಮತ್ತೆ ಅಂಗಿಗೆ ಒರಗಿತು, ಇನ್ನೆರಡು ಸಲ ಬಗ್ಗಿದರೆ ಬಿದ್ದೇಹೋಗುತ್ತದೆ, ಸೋಫಾದ ಕೆಳಗೆ ಉರುಳಿ ಧೂಳಿನಲ್ಲಿ ಸೇರಿಕೊಳ್ಳುತ್ತದೆ, ಸೇರಿಕೊಳ್ಳಲಿ, ನನಗೇನು, ಅವನ ಅಂಗಿ, ಅವನ ಗುಂಡಿ, ಅವನ ಸೋಫಾ, ಕುಡೀರಿ ಅಮ್ಮಾ, ಮೆಟ್ಟಿಲು ಹತ್ತಿ ಸುಸ್ತಾಗಿದೀರಿ, ಅಮ್ಮಾ ಅಂತೆ, ಸೊಸೆಯ ಎರಡನೇ ಗಂಡ ನನ್ನನ್ನು ಅಮ್ಮಾ ಅಂತಾನೆ, ಬಸ್ ಸ್ಟಾಪಿಗೆ ಬಂದು ನನ್ನ ಕೈಚೀಲ ಇಸಕೊಳ್ಳುತ್ತಾನೆ, ಕನ್ನಡಕದ ಅಂಗಡಿಯವನು, ಎದುರಿನವರ ಕಣ್ಣು ನೋಡಿ ನೋಡಿ ಅಭ್ಯಾಸವಾಗಿ ಮಾತಾಡುವಾಗ ನೆಟ್ಟಗೆ ನನ್ನ ಕಣ್ಣೊಳಗೇ ನೋಡುತ್ತಾನೆ, ಒಳ್ಳೆಯವನು, ಅದೇ ನನ್ನ ಸಂಕಟ, ಕುಡುಕನೋ ಮುಂಗೋಪಿಯೋ ಆಗಿದ್ದರೆ ಮನೆಗೆ ಹೋಗಿ ಬೈಯಲು ಒಂದು ನೆಪವಾದರೂ ಇರುತ್ತಿತ್ತು, ಇವನನ್ನು ಹಿಡಿದು ಜಗ್ಗಲು ಎಲ್ಲೂ ಒಂದು ತುದಿ ಸಿಗುವುದಿಲ್ಲ — ಆ ಗುಂಡಿ ಬಿಟ್ಟರೆ. ಲಿಫ್ಟ್ ಇದೆಯಲ್ಲ ಅತ್ತೆ, ಪ್ರತಿ ಸಲ ಯಾಕೆ ಹೀಗೆ ಹತ್ತಿ ಬರ್ತೀರಿ, ಬಾಗಿಲಲ್ಲಿ ಸೊಸೆ ಅಂದಳು, ಅಂದಮೇಲೆ ತನ್ನ ಮಾತು ತನಗೇ ಕೇಳಿಸಿತು, ಕುಕ್ಕರುಗಾಲಲ್ಲಿ ಕೂತು ನಮ್ಮ ಚಪ್ಪಲಿ ಜೋಡಿಸತೊಡಗಿದಳು, ಆಗಲೇ ಜೋಡಿಸಿದ್ದ ಚಪ್ಪಲಿಯನ್ನು. ನನ್ನ ಮಗ ಲಿಫ್ಟ್ ರಿಪೇರಿಯವನು, ಬೇರೆಯವರು ಮೇಲಕ್ಕೆ ಏರಲಿ ಅಂತ ತಾನು ಆ ಕತ್ತಲೆ ಬಾವಿಯೊಳಗೆ ಇಳಿದವನು, ಇಳಿದವನು ಬರಲೇ ಇಲ್ಲ, ಈಗ ಅವನ ಹೆಂಡತಿ ಮಕ್ಕಳು ನಾಲ್ಕನೇ ಮಹಡಿಯಲ್ಲಿದ್ದಾರೆ, ದಿನಾ ಅದರಲ್ಲೇ ಹತ್ತುತ್ತಾರೆ ಇಳಿಯುತ್ತಾರೆ, ಚಿಕ್ಕದಂತೂ ಅದರೊಳಗೆ ನಿಂತು ಕನ್ನಡಿ ನೋಡಿಕೊಂಡು ಕುಣಿಯುತ್ತದಂತೆ, ಕುಣಿಯಲಿ, ಅದಕ್ಕೇನು ಗೊತ್ತು, ಅಪ್ಪ ಹೋದಾಗ ಅದು ಇನ್ನೂ ಮೊಲೆ ಬಿಟ್ಟಿರಲಿಲ್ಲ.

ನೀರು ತಣ್ಣಗಿದೆ, ಮುಂದಿನ ಹಲ್ಲಿಗೆ ಜುಮ್ಮೆಂದಿತು, ಅಲುಗಾಡುವ ಹಲ್ಲು, ಕೀಳಿಸಿಕೋ ಅಂತ ಇವರು, ನನ್ನ ಯಜಮಾನರು, ಹೇಳುತ್ತಲೇ ಇರುತ್ತಾರೆ, ನನ್ನ ಕೆಲಸವೆಲ್ಲ ಆ ಹಲ್ಲಲ್ಲೇ ಅಲ್ಲವೇ, ನಮ್ಮ ಹೊಲಿಗೆ ಅಂಗಡಿಯಲ್ಲಿ ಇವರದು ಕತ್ತರಿ ಮತ್ತು ಯಂತ್ರ, ನನ್ನದು ಕಾಜ ಮತ್ತು ಗುಂಡಿ, ಒಂದೊಂದು ಗುಂಡಿ ಹಾಕಿ ಒಂದೊಂದು ಸಲ ದಾರ ಕಚ್ಚಿ ಕತ್ತರಿಸಿದರೆ ಆ ಹಲ್ಲು ಇಷ್ಟು ದಿನ ಉಳಿದದ್ದೇ ಹೆಚ್ಚು, ಕತ್ತರಿ ಇಲ್ವೇನೇ ಇಲಿ ಥರ ಕಚ್ತೀಯಲ್ಲ, ನೀವು ಕತ್ತರಿಯನ್ನ ಯಾರ ಕೈಗಾದ್ರೂ ಕೊಟ್ಟಿದೀರಾ ನನಗೆ ಕೊಡೋಕೆ — ಆಗ ನಗುತ್ತಿದ್ದರು. ಈಗ ಸೋಫಾದ ಅಂಚಿನಲ್ಲಿ, ಬಸ್ಸಿನಲ್ಲಿ ಕೂತ ಹಾಗೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ, ತೆಗೀರಿ ಅಂತ ಕಣ್ಣು ಸನ್ನೆ ಮಾಡಿದೆ, ತೆಗೆದರು, ಮಡಿಕೆ ಕೆಡದ ಹಾಗೆ, ನೀಲಿ ಗೆರೆಯ ಅಂಗಿ. ಬಾ ಮರಿ, ಹಾಕು ನೋಡೋಣ. ಮೊಮ್ಮಗ ಬಂದು ನಿಂತ. ಬೇಡ ಅನ್ನುವುದಿಲ್ಲ, ಹೂಂ ಅನ್ನುವುದಿಲ್ಲ, ಏಳು ತುಂಬಿದ ಹುಡುಗ ಹೀಗೆ ಇರಬಾರದು, ಕೈ ಎತ್ತು ಅಂದರೆ ಎತ್ತುತ್ತಾನೆ. ಭುಜದ ಹೊಲಿಗೆ ಜಾರಿ ಮೊಣಕೈ ಹತ್ತಿರ ಬಂತು. ತೋಳು ಬೆರಳನ್ನೂ ನುಂಗಿತು. ಅಣ್ಣಂಗೆ ಕೈಯೇ ಇಲ್ಲ, ಅಮ್ಮಾ ನೋಡೇ, ಅಣ್ಣನ ಕೈ ಅಂಗಿ ತಿಂದ್ಬಿಡ್ತು, ಇದು ಚಿಕ್ಕದು, ಚಿನಕುರಳಿ, ಸೋಫಾದ ಮೇಲಿಂದ ನೆಲಕ್ಕೆ, ನೆಲದಿಂದ ಕನ್ನಡಕದವನ ಕಾಲಿಗೆ, ಅಪ್ಪಾ ಅಪ್ಪಾ ನೋಡಿ. ಬೆಳೀತಾನೆ ಬಿಡಿ ಮಾವ, ಮುಂದಿನ ವರ್ಷಕ್ಕೆ ಸರಿಹೋಗುತ್ತೆ, ಸೊಸೆ. ಬಟ್ಟೆ ತುಂಬ ಚೆನ್ನಾಗಿದೆ, ಗೆರೆ ಎಲ್ಲ ಎಷ್ಟು ಸರಿಯಾಗಿ ಕೂಡಿಸಿದೀರಿ, ಅವನು. ಕಳೆದ ಸಲವೂ ಮುಂದಿನ ವರ್ಷಕ್ಕೆ ಸರಿಹೋಗುತ್ತೆ ಅಂದಿದ್ದಳು. ಒಳಗೆ ಬೀರುವಿನಲ್ಲಿ ಅಂಥವು ಎಷ್ಟೋ ಇವೆ, ಯಾವುದೂ ಸರಿಹೋಗಿಲ್ಲ, ಸರಿಹೋಗುವುದೂ ಇಲ್ಲ, ಈ ಹುಡುಗನದು ತಾಯಿಯ ಕಡೆಯ ಮೈಕಟ್ಟು, ಸಣ್ಣ ಮೂಳೆ, ನನ್ನ ಮಗ ಏಳರಲ್ಲೇ ಕದದ ಹಾಗೆ ಅಗಲ. ಇವರಿಗೆ ಗೊತ್ತಿಲ್ಲವೇ, ಅಂಗಡಿ ಮುಂದೆ ದಾಟಿಹೋಗುವವನ ಬೆನ್ನು ನೋಡಿ ಎಡ ಭುಜ ಅರ್ಧ ಬೆರಳು ಇಳಿದಿದೆ ಅನ್ನುವ ಮನುಷ್ಯನಿಗೆ, ಆದರೆ ಮೊಮ್ಮಗನ ಬಟ್ಟೆ ಅಂದರೆ ಕೈ ನೆಟ್ಟಗೆ ಮೂಲೆಯ ಮೊಳೆಗೆ ಹೋಗುತ್ತದೆ, ಅಲ್ಲಿ ನಮ್ಮ ಮಗನ ಅಳತೆ ಕಾಗದಗಳು, ವರ್ಷಕ್ಕೊಂದು, ಕಂದು ಬಣ್ಣದ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟ ಬೆನ್ನು, ಎದೆ, ತೋಳು, ಅಂಚು ಮುರಿದು ಪುಡಿಯಾಗುತ್ತಿದೆ, ಆ ಕಾಗದವನ್ನೇ ಬಟ್ಟೆಯ ಮೇಲೆ ಹಾಸಿ ಸೀಮೆಸುಣ್ಣ ಎಳೆಯುತ್ತಾರೆ. ಒಂದು ಸಲ ಟೇಪು ಹಿಡಿದು ಅಳೀರಿ ಅಂದೆ. ಅವನ ಮಗ ಕಣೇ, ಅದೇ ಭುಜ. ಸೀಮೆಸುಣ್ಣ ಎಳೆಯುವಾಗ ಮುಖದಲ್ಲಿ ಏನೋ ಬರುತ್ತದೆ, ನಾನು ಆಮೇಲೆ ಟೇಪಿನ ಮಾತೆತ್ತಿಲ್ಲ, ಕೊಟ್ಟ ಕಡೆ ಕಾಜ ಹೊಲಿದೆ, ಗುಂಡಿ ಹಾಕಿದೆ, ಆ ಅಳತೆಯ ಅಂಗಿ ಇನ್ನೊಂದು ಸಲ ನನ್ನ ತೊಡೆಯ ಮೇಲೆ ಬರಲಿ ಅಂತ ನನಗೂ ಆಸೆ ಇಲ್ಲವೇ. ಯಾರಿಗೂ ಆಗದ ಅಂಗಿ.

ಮೊಮ್ಮಗ ಅದನ್ನು ಬಿಚ್ಚಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ, ಕುತ್ತಿಗೆ ಬಗ್ಗಿಸಿ ಕಾಲರಿನೊಳಗೆ ಮೂಗು ತೂರಿಸಿದ, ಪ್ರತಿ ಸಲ ಹೀಗೇ ಮಾಡುತ್ತಾನೆ, ಯಾರೂ ನೋಡಿಲ್ಲ, ನಾನು ನೋಡಿದ್ದೇನೆ. ಹೊಸ ಅಂಗಿಯಲ್ಲಿ ನಮ್ಮ ಯಂತ್ರದ ಎಣ್ಣೆ ವಾಸನೆ ಇರುತ್ತದೆ, ಒಂದು ಒಗೆತಕ್ಕೆ ಹೋಗುವಂಥದ್ದು, ಅವರಪ್ಪ ಕೆಲಸದಿಂದ ಬಂದಾಗ ಅಂಥದೇ ಎಣ್ಣೆ, ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯಲ್ಲಿ, ಆ ಕೈಯಲ್ಲೇ ಮಗನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ, ಹುಡುಗನಿಗೆ ನೆನಪಿದೆ, ಎಲ್ಲ ನೆನಪಿದೆ, ಆದರೆ ಈ ಮನೆಯಲ್ಲಿ ಆ ಮಾತು ಇಲ್ಲ. ಮದುವೆಯಾದ ಮೇಲೆ ನಾವು ಮೊದಲ ಸಲ ಬಂದಾಗ ಸೊಸೆ ಮೆಟ್ಟಿಲವರೆಗೆ ಕಳಿಸಲು ಬಂದು ಬಾಗಿಲು ಎಳೆದುಕೊಂಡು ಹೇಳಿದಳು, ಅತ್ತೆ, ಚಿಕ್ಕವಳಿಗೆ ಇವರೇ ಅಪ್ಪ, ಅವಳಿಗೆ ಬೇರೆ ಏನೂ ಗೊತ್ತಿಲ್ಲ, ಸ್ವಲ್ಪ ಬುದ್ಧಿ ಬರಲಿ, ನಾನೇ ಕೂರಿಸಿಕೊಂಡು ಹೇಳ್ತೀನಿ, ಅಲ್ಲಿವರೆಗೂ ನೀವು ಅವರ ಮಾತು ಎತ್ತಬೇಡಿ, ದೊಡ್ಡವನಿಗೂ ಹೇಳಿದೀನಿ, ಮನೆ ಈಗಷ್ಟೇ ಒಂದು ದಡಕ್ಕೆ ಬರ್ತಿದೆ, ನೀವೇನಾದ್ರೂ ಎತ್ತಿದ್ರೆ ಆಮೇಲೆ ನೀವು ಬಂದುಹೋಗೋದು — ಅಷ್ಟಕ್ಕೇ ನಿಲ್ಲಿಸಿದಳು. ನಿಲ್ಲಿಸಿದ್ದು ಸಾಕಾಗಿತ್ತು. ಆಯ್ತಮ್ಮ ಅಂದೆ. ಎಷ್ಟು ಬೇಗ ಅಂದೆ, ಇವರ ಮುಖ ಕೂಡ ನೋಡದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆನೋ ಏನೋ, ಇರಲಿ, ಆದರೆ ನಾನು ಅವಳ ಜಾಗದಲ್ಲಿಲ್ಲ, ಈ ಸೋಫಾದ ಮೇಲಿದ್ದೇನೆ, ಮಕ್ಕಳ ಮುಖ ಕಾಣಬೇಕಾದರೆ ಮಗನನ್ನು ಕೆಳಗೆ, ಮೆಟ್ಟಿಲ ಬುಡದಲ್ಲಿ ಬಿಟ್ಟು ಬರಬೇಕು, ಹೋಗುವಾಗ ಮತ್ತೆ ಎತ್ತಿಕೊಳ್ಳಬೇಕು. ಮಾತೇ ಇಲ್ಲದೆ ಎಷ್ಟು ಮಾತಾಡುತ್ತೇವೆ, ಶಾಲೆ ಹೇಗಿದೆ, ಬಸ್ಸು ತಡವಾಯ್ತಾ, ಮೊಣಕಾಲು ನೋವು ಹೇಗಿದೆ ಮಾವ. ಆ ಹುಡುಗ ಮಾತ್ರ ಕಾಯುತ್ತಾನೆ. ಏನು ಅಂತ ಕೇಳಬೇಕಾಗಿಲ್ಲ, ನನಗೆ ಗೊತ್ತು, ಯಾರಾದರೂ ಒಬ್ಬರು, ಈ ಮನೆಯಲ್ಲಿ, ಜೋರಾಗಿ, ನಿಮ್ಮಪ್ಪ ಅನ್ನಲಿ ಅಂತ ಕಾಯುತ್ತಾನೆ, ಅಮ್ಮ ಅನ್ನುವುದಿಲ್ಲ, ತಾನು ಅನ್ನುವ ಹಾಗಿಲ್ಲ, ಉಳಿದದ್ದು ನಾವು, ನಾವು ಬಂದಾಗೆಲ್ಲ ಬಾಯಿ ನೋಡುತ್ತಾನೆ, ನಾವು ಹೊರಟಾಗ ಒಳಗೆ ಹೋಗಿಬಿಡುತ್ತಾನೆ.

ಕಾಫಿ ಲೋಟ ಕೊಡಲು ಕನ್ನಡಕದವನು ಬಗ್ಗಿದ, ಗುಂಡಿ ತೂಗಿತು, ಈಗ ಬಿತ್ತು, ಇಲ್ಲ, ಬೀಳಲಿಲ್ಲ, ಅಯ್ಯೋ ತಡೆಯಲಾರೆ, ಅಂಗಿ ಯಾರದ್ದಾದರೇನು, ಬೀಳುವ ಗುಂಡಿ ನೋಡಿಕೊಂಡು ಸುಮ್ಮನೆ ಕೂತಿರಲು ನನ್ನ ಕೈಗೆ ಬರುವುದಿಲ್ಲ, ಒಂದು ನಿಮಿಷ ನಿಲ್ಲಿ ಅಂದೆ, ಪರ್ಸಿನ ಅಸ್ತರಿಗೆ ಸೂಜಿ ಸಿಕ್ಕಿಸಿಯೇ ಇರುತ್ತೇನೆ, ಬಿಳಿ ದಾರ ಪೋಣಿಸಿಯೇ. ಅಯ್ಯೋ ನಿಮಗ್ಯಾಕೆ ಅಮ್ಮಾ ತೊಂದರೆ, ಇರಿ, ಬಿಚ್ಚಿಕೊಡ್ತೀನಿ. ಬಿಚ್ಚೋದೇನು ಬೇಡ, ಹಾಗೇ ನಿಲ್ಲಿ, ಉಸಿರು ಬಿಗಿ ಹಿಡೀಬೇಡಿ, ಚುಚ್ಚೋದಿಲ್ಲ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತಳು, ನಕ್ಕಳು, ನಿಜವಾಗಿ ನಕ್ಕಳು, ಅವಳ ಭುಜ ಇಳಿದದ್ದು ಕಂಡಿತು, ಅತ್ತೆ ಕೊನೆಗೂ ಒಪ್ಪಿಕೊಂಡರು ಅಂದುಕೊಂಡಳೇನೋ. ಇವರು ಲೋಟದೊಳಗೆ ನೋಡುತ್ತಿದ್ದಾರೆ. ಸೂಜಿ ಒಳಗೆ, ಹೊರಗೆ, ಗುಂಡಿಯ ನಾಲ್ಕು ತೂತು, ಬಟ್ಟೆ ಗಟ್ಟಿ, ಅಂಗಡಿಯಲ್ಲಿ ಕೊಂಡ ಅಂಗಿ, ಎದೆಯ ಬಿಸಿ ಬೆರಳಿಗೆ ತಾಕುತ್ತದೆ, ಬೇರೆ ಸೋಪು, ಬೇರೆ ಬೆವರು. ನನ್ನ ಮಗ ಹೀಗೆ ನಿಲ್ಲುತ್ತಿದ್ದ ಶಾಲೆಗೆ ಹೊತ್ತಾದಾಗ, ಚೀಲ ಬೆನ್ನಿಗೆ, ಕಣ್ಣು ಗಟ್ಟಿಯಾಗಿ ಮುಚ್ಚಿ, ಚುಚ್ಬೇಡ ಕಣಮ್ಮಾ, ಚುಚ್ಚಲ್ಲ ಕಣೋ ಅಲುಗಾಡ್ಬೇಡ, ಕೊನೆಯ ಗಂಟು ಹಾಕಿ ನಾನು ಬಾಯಿ ಹತ್ತಿರ ತಂದು ದಾರ ಕಚ್ಚುವಾಗ ಕಿವಿ ಅವನ ಎದೆಗೆ ತಾಕುತ್ತಿತ್ತು, ಡಬಡಬ, ಉಸಿರಿಗೆ ಕಚಗುಳಿಯಾಗಿ ಬಳುಕುತ್ತಿದ್ದ, ಅಮ್ಮ ನನ್ನೇ ಕಚ್ಬಿಡ್ತಾಳೆ ಅಪ್ಪಾ, ಕಟ್ ಅಂತ ಸದ್ದು, ಓಡು. ಮದುವೆಯಾದ ಮೇಲೂ ಕೆಲಸದ ಅಂಗಿಯ ಗುಂಡಿಗೆ ನನ್ನ ಹತ್ತಿರವೇ ಬರುತ್ತಿದ್ದ, ನಿನ್ನ ಸೊಸೆ ಹಾಕಿದ್ದು ವಾರಕ್ಕೆ ಬೀಳುತ್ತಮ್ಮಾ. ಆಸ್ಪತ್ರೆಯವರು ಚೀಲದಲ್ಲಿ ಸುತ್ತಿ ಕೊಟ್ಟ ಅಂಗಿಯಲ್ಲಿ ಬೆನ್ನಿರಲಿಲ್ಲ, ಒಂದು ತೋಳಿರಲಿಲ್ಲ. ಗುಂಡಿಗಳು ಎಲ್ಲ ಇದ್ದವು. ನಾನು ಹಾಕಿದ ಒಂದೂ ಬಿದ್ದಿರಲಿಲ್ಲ.

ಕೊನೆಯ ಸುತ್ತು, ಗಂಟು, ಬಾಯಿ ಹತ್ತಿರ ತಂದೆ, ದಾರ ಹಲ್ಲಿನ ಸಂದಿಗೆ ಬಂತು, ಕಿವಿ ಎದೆಗೆ ತಾಕಿತು, ಡಬಡಬ, ಎಲ್ಲರದೂ ಒಂದೇ ಸದ್ದು, ಹಾಳಾದ್ದು ಎಲ್ಲರದೂ ಒಂದೇ — ಅಜ್ಜೀ. ಕೆಳಗಿಂದ, ಸೊಂಟದ ಹತ್ತಿರದಿಂದ, ಚಿಕ್ಕದು. ಅಜ್ಜೀ, ಅಪ್ಪ ನಿಮ್ಮನ್ನ ಅಮ್ಮಾ ಅಂತಾರೆ, ಅಮ್ಮ ಅತ್ತೆ ಅಂತಾಳೆ, ಅಪ್ಪನ ಅಮ್ಮ ಊರಲ್ಲಿದಾರೆ, ಅಮ್ಮನ ಅಮ್ಮ ದೊಡ್ಡಜ್ಜಿ, ನೀವು ಯಾರ ಅಮ್ಮ? ಎದೆಯೊಳಗಿನ ಡಬಡಬ ಒಮ್ಮೆ ತಪ್ಪಿ ಜೋರಾಯಿತು, ನನ್ನ ಕಿವಿಗೇ ಕೇಳಿಸಿತು, ಅವನೂ ಕಾಯುತ್ತಿದ್ದಾನೆ, ಪಾಪ. ಅಡುಗೆಮನೆ ಬಾಗಿಲಲ್ಲಿ ನಗು ಇಲ್ಲ. ಲೋಟ ಟೀಪಾಯಿಗೆ ಇಟ್ಟ ಸದ್ದು, ಇವರದು. ಕಿಟಕಿಯ ಹತ್ತಿರ ಹುಡುಗ ಈ ಕಡೆ ತಿರುಗಿದ್ದಾನೆ, ತೋಳು ಎರಡೂ ಖಾಲಿ ನೇತಾಡುತ್ತಿವೆ, ಬಾಯಿ ನೋಡುತ್ತಿದ್ದಾನೆ, ನನ್ನ ಬಾಯಿ, ಬಾಯಿಯಲ್ಲಿ ದಾರ. ಒಂದು ಮಾತು, ಪುಟ್ಟಿ, ನನಗೊಬ್ಬ ಮಗನಿದ್ದ, ಇಷ್ಟೇ, ಇಷ್ಟು ಅಂದರೆ ಆಕಾಶ ಬಿದ್ದುಹೋಗುವುದಿಲ್ಲ, ಬೀಳುವುದಿಲ್ಲವೇ, ಆಮೇಲೆ ನೀವು ಬಂದುಹೋಗೋದು — ಬಾಗಿಲು, ಮೆಟ್ಟಿಲು, ಮೂಲೆಯ ಕಾಗದ ಪುಡಿಯಾಗುತ್ತಾ ಪುಡಿಯಾಗುತ್ತಾ, ಈ ಅಂಗಿಗಳನ್ನು ಯಾರಿಗೆ ಹೊಲಿಯುತ್ತಾರೆ ಇವರು, ಈ ಚಿನಕುರಳಿ ಯಾರ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತದೆ — ಹೇಳಿ ಅಜ್ಜೀ, ಯಾರ ಅಮ್ಮ? ಯಾರ ಅಮ್ಮನೂ ಅಲ್ಲ ಪುಟ್ಟಿ. ಯಾರು ಅಂದದ್ದು ಅದು. ಹಲ್ಲು ಕಚ್ಚಿಕೊಂಡೇ ಅಂದೆನಲ್ಲ, ದಾರ ಬಿಡದೆ, ಯಾರ ಅಮ್ಮನೂ ಅಲ್ಲ, ಬರೀ ಅಜ್ಜಿ. ಓ, ಬರೀ ಅಜ್ಜಿ, ಬರೀ ಅಜ್ಜಿ, ಕುಣಿಯುತ್ತಾ ಹೋಯಿತು, ಅದಕ್ಕೆ ಅಷ್ಟು ಸಾಕು. ಬಾಗಿಲಲ್ಲಿ ಸೊಸೆ ಉಸಿರು ಬಿಟ್ಟಳು. ಇವರು ಎದ್ದು ಚೀಲ ತೆಗೆದುಕೊಂಡರು, ನನ್ನ ಕಡೆ ನೋಡಲಿಲ್ಲ. ಹುಡುಗ ನೋಡುತ್ತಿದ್ದ, ಆಮೇಲೆ ಅಂಗಿ ಬಿಚ್ಚಿದ, ಮೇಲಿನಿಂದ ಒಂದೊಂದೇ ಗುಂಡಿ, ಅವಸರವಿಲ್ಲದೆ, ನೆಲದ ಮೇಲೆ ಹಾಸಿ ತಾತ ಮಡಿಸಿದ್ದ ಗೆರೆಯ ಮೇಲೇ ಮಡಿಸಿದ, ತಂದು ಅವರ ಚೀಲದೊಳಗೆ ಇಟ್ಟ. ಇಟ್ಕೋ ಮರಿ, ನಿಂದೇ. ಬೇಡ ತಾತ, ನಂಗಾಗಲ್ಲ. ಇವತ್ತು ಅವನು ಆಡಿದ್ದು ಅಷ್ಟೇ. ಕತ್ತರಿ ತರ್ಲಾ ಅತ್ತೆ, ಸೊಸೆ ಕೇಳುತ್ತಿದ್ದಾಳೆ, ಸಾಕು ಅಮ್ಮಾ, ಆಯ್ತಲ್ಲ, ಅವನು ಅಲುಗಾಡದೆ ನಿಂತೇ ಕೇಳುತ್ತಿದ್ದಾನೆ, ಗುಂಡಿ ಗಟ್ಟಿಯಾಗಿ ಕೂತಿದೆ, ಇದು ಬೀಳುವುದಿಲ್ಲ, ಅಂಗಿ ಹರಿದರೂ ಬೀಳುವುದಿಲ್ಲ, ಕಚ್ಚಿದರೆ ಮುಗಿಯಿತು, ಕಟ್ ಅಂತ ಒಂದು ಸದ್ದು, ಹಲ್ಲು ಅಲುಗುತ್ತದೆ, ದಾರ ಹರಿಯುವುದಿಲ್ಲ, ಬೇರೆಯವನ ಎದೆಗೆ ಕಿವಿ ಇಟ್ಟು ನಿಂತಿದ್ದೇನೆ, ಡಬಡಬ, ದಾರ ಹಲ್ಲಲ್ಲಿದೆ, ದಾರ, ಹಲ್ಲಲ್ಲಿ