ಅತ್ತೆಯ ಬೆರಳು, ನನ್ನ ಕಣ್ಣು

ಮತದಾನದ ದಿನವೂ ಒಗೆದ ಬಟ್ಟೆಗಳನ್ನು ಮನೆಯೊಳಗೇ ಹರವಿದೆ. ಹೊರಗೆ ಹಾಕಿದರೆ ಮಗಳ ಸಮವಸ್ತ್ರಕ್ಕೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅಂಟಿಕೊಳ್ಳುತ್ತದೆ. ಅವಳ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಊರ ಕಸ ಸುರಿದು ಬೆಂಕಿ ಹಚ್ಚಲು ಶುರುವಾದಾಗಿನಿಂದ ಅವಳ ಎದೆ ಗೊರಗೊರ ಎನ್ನುತ್ತದೆ. ಉಬ್ಬಸ ಬಂದಾಗ ಮಂಚದ ತುದಿಯಲ್ಲಿ ಕೂತು, ಕೈಗಳನ್ನು ಮಂಡಿಗೆ ಊರಿ, ಮುದುಕಿಯ ಹಾಗೆ ಉಸಿರೆಳೆಯುತ್ತಾಳೆ. ಹಾಲುಹಲ್ಲು ಇನ್ನೂ ಬಿದ್ದು ಮುಗಿದಿಲ್ಲ.

ಆ ಜಾಗವನ್ನು ಕಸಕ್ಕೆ ಬಿಟ್ಟುಕೊಟ್ಟವರು ನಮ್ಮ ನಾಯಕರೇ. ನಮ್ಮ ಎನ್ನುವುದು ಬರೀ ಬಾಯಿಮಾತಲ್ಲ. ಮಾವ ಬದುಕಿದ್ದಾಗ ಪಕ್ಷದ ಬಾವುಟಗಳು ನಮ್ಮ ಪಡಸಾಲೆಯಲ್ಲೇ ಹೊಲಿಗೆಯಾಗುತ್ತಿದ್ದವು. ಗಂಡ ಈಗಲೂ ಮತಗಟ್ಟೆಯ ಆಚೆ ಪಕ್ಷದ ಮೇಜಿನಲ್ಲಿ ಕೂರುತ್ತಾರೆ. ನಾನೂ ಬೇರೆ ಪಕ್ಷದ ಗುರುತನ್ನು ಕಣ್ಣೆತ್ತಿ ನೋಡಿದವಳಲ್ಲ. ಹೋದ ತಿಂಗಳು ಮಗಳನ್ನು ಕರೆದುಕೊಂಡು ನಾಯಕರ ಮನೆಗೇ ಹೋಗಿದ್ದೆ. ಅವಳ ತಲೆ ಸವರಿ, "ನಮ್ಮವರೇ ದೂರು ತಂದ್ರೆ ಹೇಗಮ್ಮಾ? ನಮ್ಮನ್ನ ಬಿಟ್ಟು ನೀವಾದ್ರೂ ಎಲ್ಲಿಗೆ ಹೋಗ್ತೀರಿ?" ಎಂದು ನಕ್ಕರು.

ಈ ಸಲ ಅವರಿಗೆ ಹಾಕುವುದಿಲ್ಲ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಆದರೂ ಮುಖದ ಮೇಲೆ ಬರೆದಿಟ್ಟಂತೆ ಅನ್ನಿಸಿ, ಪಾತ್ರೆ ಉಜ್ಜುವಾಗಲೂ ತಲೆ ಎತ್ತುತ್ತಿರಲಿಲ್ಲ.

"ಹೊರಡೋಣ್ವೇನೇ? ಬಿಸಿಲೇರಿದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ," ಅತ್ತೆ ಕೂಗಿದರು.

ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ಮತಗಟ್ಟೆಯೊಳಗೆ ಜೊತೆಗೊಬ್ಬರು ಹೋಗಬಹುದು. ಗುಂಡಿ ಮಾತ್ರ ತಾವೇ ಒತ್ತಬೇಕೆಂಬುದು ಅವರ ಹಟ. "ಬೆರಳು ನಂದು, ಕಣ್ಣು ನಿಂದು," ಎನ್ನುತ್ತಾರೆ.

ಮೇಜಿನ ಹತ್ತಿರ ಗಂಡ ನನ್ನನ್ನು ನೋಡಿ, "ಯಾಕೆ ಮುಖ ಬಾಡಿದೆ?" ಎಂದರು.

"ಬಿಸಿಲು ಕಣ್ರೀ."

ಪಕ್ಕದಲ್ಲಿದ್ದ ಪಂಪ್ ರಿಪೇರಿಯವನು ಅತ್ತೆಯನ್ನು ಕೆಣಕಿದ. "ಅಜ್ಜಿ, ಗುರುತು ನೆನಪಿದೆ ತಾನೇ?"

"ನಿಮ್ಮಪ್ಪ ಚಡ್ಡಿ ಹಾಕೋದು ಕಲಿಯೋಕೆ ಮುಂಚಿಂದ ಅದಕ್ಕೇ ಹಾಕ್ತಿದ್ದೀನಿ. ನಂಗೇ ಪಾಠ ಹೇಳ್ತೀಯಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ರಟ್ಟಿನ ಮರೆಯ ಹಿಂದೆ ಅತ್ತೆ ತೋರುಬೆರಳನ್ನು ನನ್ನ ಕೈಗೆ ಕೊಟ್ಟು, "ನಮ್ಮದಕ್ಕೇ," ಎಂದು ಪಿಸುಗುಟ್ಟಿದರು. ನನ್ನ ಅಂಗೈ ಬೆವೆತು ಒದ್ದೆಯಾಗಿತ್ತು. ಇನ್ನೊಂದು ಗುರುತು ತುಸುವೇ ಕೆಳಗಿತ್ತು. ಬೆರಳನ್ನು ಒಂದಿಷ್ಟು ಜಾರಿಸಿದರೆ ಸಾಕು, ನಾಯಕರ ವಿರುದ್ಧ ನನ್ನ ಒಂದು ಮತ ಎರಡಾಗುತ್ತದೆ. ಅತ್ತೆಗೆ ಎಂದೂ ಗೊತ್ತಾಗುವುದಿಲ್ಲ. ಮಗಳು ಮಂಚದ ತುದಿಯಲ್ಲಿ ಕೂತದ್ದು ಕಣ್ಣಿಗೆ ಕಟ್ಟಿತು. ಆಗೆಲ್ಲ ಅವಳ ಬೆನ್ನು ನೀವುತ್ತಿದ್ದುದೂ ಅತ್ತೆಯ ಇದೇ ಬೆರಳುಗಳೇ.

ಅವರ ಬೆರಳನ್ನು ನಮ್ಮ ಹಳೆಯ ಗುರುತಿನ ಗುಂಡಿಯ ಮೇಲೇ ಇಟ್ಟೆ. ಅತ್ತೆ ಒತ್ತಿದರು. ಯಂತ್ರ ಕುಂಯ್ ಎಂದಿತು.

ಅವರನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಸರದಿಗೆ ಒಳಗೆ ಹೋದೆ. ಕೈ ರೂಢಿಯಂತೆ ಹಳೆಯ ಗುಂಡಿಯತ್ತಲೇ ಹೋಯಿತು. ಹಿಂದಕ್ಕೆಳೆದು ಇನ್ನೊಂದನ್ನು ಒತ್ತಿದೆ. ಆ ಸದ್ದು ಹೊರಗಿನ ಮೇಜಿನವರೆಗೂ ಕೇಳಿತೇನೋ ಎಂದು ಬಾಗಿಲತ್ತ ತಿರುಗಿ ನೋಡಿದೆ.

ಶಾಲೆಯ ಬೀದಿಗೆ ಬಂದಾಗ ಅತ್ತೆ ಹೊಗೆಗೆ ಕೆಮ್ಮಿದರು.

"ನಿನ್ನ ಕೈ ಅಷ್ಟೊಂದು ಬೆವರಿತ್ತಲ್ಲ, ನನ್ನ ಬೆರಳನ್ನ ಎಲ್ಲಿಗೆ ಕರ್ಕೊಂಡು ಹೋದೆ?"

"ನೀವು ಹೇಳಿದ ಕಡೆಗೇ ಅತ್ತೆ. ನನ್ನಾಣೆ."

"ನಿಂದು?"

ಸುಳ್ಳು ಬಾಯಿಗೆ ಬರಲಿಲ್ಲ. "ನಂದು ಅಲ್ಲಿಗೆ ಹೋಗಲಿಲ್ಲ."

ಅತ್ತೆ ಕೈ ಬಿಡಿಸಿಕೊಂಡರು. ಗೋಡೆ ಸವರುತ್ತಾ ಒಬ್ಬರೇ ನಡೆದರು. ನಾನು ಅಳುಕುತ್ತಾ ಹಿಂದೆ ಹಿಂದೆಯೇ ನಡೆದೆ. ಮುಂದೆ ತೆರೆದ ಮೋರಿಯಿತ್ತು. ಹೇಳಬೇಕೆನ್ನುವಷ್ಟರಲ್ಲಿ ಅವರೇ ನಿಂತರು.

"ಮೋರಿ ಬಂತಾ?"

"ಬಂತು."

ಅತ್ತೆ ಕೈ ಚಾಚಿದರು. "ಹಿಡ್ಕೋ. ನನ್ನ ಮಗನಿಗೆ ನಾನೇನೂ ಹೇಳಲ್ಲ. ಅವನು ಕೇಳಿದ್ರೆ ಮಾತ್ರ ನನಗೆ ಹೇಳಿದ ಹಾಗೇ ಹೇಳು."

ಸಂಜೆ ಗಂಡ ಚಪ್ಪಲಿ ಬಿಡುತ್ತಲೇ, "ನಮ್ಮನೇದು ಮೂರೂ ಬಿತ್ತಲ್ಲ?" ಎಂದರು. ಒಳಗೆ ಮಗಳು ಕೆಮ್ಮುತ್ತಿದ್ದಳು. ಮಡಚುತ್ತಿದ್ದ ಸಮವಸ್ತ್ರವನ್ನು ಕೆಳಗಿಟ್ಟೆ.

"ಎರಡು ಕಣ್ರೀ," ಎಂದೆ.