ಸಬೂರಾಳ ಹೆಸರಿನ ನೀರು

ಕುಂಚ ಕೆಂಪು ಬಣ್ಣಕ್ಕೆ ಇಳಿಯುವ ಮೊದಲೇ ತೊರಾಬ್ ಡಬ್ಬಿಯನ್ನು ಕಿತ್ತುಕೊಂಡ. ಒಂದಷ್ಟು ಚೆಲ್ಲಿ ಅವನ ಲುಂಗಿಯ ಮೇಲೆ ಬಿತ್ತು.

"ಹಸಿರು ಡಬ್ಬಿ ತೆಗಿ ಮೊದ್ಲು. ಇದು ನಮ್ಮಮ್ಮನ ಪಂಪು."

ನೀರು ಪರೀಕ್ಷೆಗೆ ಬಂದಿದ್ದ ಹುಡುಗಿಗೆ ಅವನಷ್ಟೇ ವಯಸ್ಸು. ಬೆಳಗಿನಿಂದ ಇಂಥ ಹತ್ತು ಮಂದಿಯನ್ನಾದರೂ ನೋಡಿರಬೇಕು, ಹೆದರಲಿಲ್ಲ. ಶೀಶೆಯ ಬಾಯಿಗಿಟ್ಟಿದ್ದ ಬಿಳಿ ಕಾಗದ ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದಳು.

"ಐವತ್ತರೊಳಗೆ ಇರ್ಬೇಕು ಭಾಯ್. ಇದು ನಾನೂರು. ಆರ್ಸೆನಿಕ್ ವಿಷ. ಕೆಂಪೇ ಬಳೀಬೇಕು."

"ಕುಡಿದು ನೋಡು, ಸಕ್ಕರೆ ಇದ್ದಂಗಿದೆ."

"ಅದು ನಾಲಿಗೆಗೂ ಸಿಗಲ್ಲ, ಮೂಗಿಗೂ ಸಿಗಲ್ಲ."

"ಕಾಯಿಸಿದ್ರೆ?"

"ನೀರು ಹಾರಿಹೋಗುತ್ತೆ, ವಿಷ ಉಳ್ಕೊಳ್ಳುತ್ತೆ. ಎಷ್ಟಡಿ ಇದು?"

"ಎಂಬತ್ತು."

"ಬೂದು ಮರಳಲ್ಲೇ ನಿಲ್ಸಿಬಿಟ್ಟಿದಾರೆ. ವಿಷ ಇರೋದೇ ಅದ್ರಲ್ಲಿ. ಈ ಕಡೆ ಏಳುನೂರು ಅಡಿ ಇಳೀಬೇಕು, ಯಂತ್ರದಲ್ಲಿ. ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?"

ತೊರಾಬ್ ಡಬ್ಬಿಯನ್ನು ಅವಳ ಕೈಗೆ ವಾಪಸು ಕೊಟ್ಟ.

ಹಾಕಿದ್ದವನು ಅವನೇ. ಮೂರನೇ ತರಗತಿಗೆ ಶಾಲೆ ಬಿಟ್ಟು ಪಂಪು ಇಳಿಸುವವರ ಗುಂಪಿಗೆ ಸೇರಿದ್ದ. ಕೆಳಗೆ ಇಬ್ಬರು ಬಿದಿರಿನ ಸನ್ನೆಗೋಲು ಒತ್ತಿದರೆ ಕೊಳವೆ ಏಳುತ್ತದೆ, ಬೀಳುತ್ತದೆ; ಅಟ್ಟಣೆಯ ಮೇಲೆ ಕೂತವನು ಕೊಳವೆಯ ಬಾಯನ್ನು ಅಂಗೈಯಲ್ಲಿ ಮುಚ್ಚಿ ತೆರೆದು ಮುಚ್ಚಿ ತೆರೆದು ಮಣ್ಣನ್ನು ಮೇಲೆ ಕಾರಿಸಬೇಕು. ಆ ಅಂಗೈ ತೊರಾಬನದು. ಕಣ್ಣು ಮುಚ್ಚಿಕೊಂಡೇ ಜೇಡಿ ಯಾವುದು, ಮರಳು ಯಾವುದು ಎಂದು ಹೇಳಬಲ್ಲವನಾಗಿದ್ದ. ಬೂದು ಮರಳು ಬಂತೋ, ಗುಂಪಿನ ಉಸ್ತಾದ್ "ಸಿಹಿನೀರು, ನಿಲ್ಸು" ಎನ್ನುತ್ತಿದ್ದ. ಸುತ್ತಲ ಊರುಗಳಲ್ಲಿ ಹಾಗೆ ನಿಲ್ಲಿಸಿದ ಪಂಪುಗಳಿಗೆ ಲೆಕ್ಕವಿಲ್ಲ. ಕೆರೆಯ ನೀರು ಬಿಡಿ, ಪಂಪಿನ ನೀರು ಕುಡಿಯಿರಿ ಎಂದು ದೋಣಿಯಲ್ಲಿ ಮೈಕು ಕಟ್ಟಿಕೊಂಡು ಬಂದವರು ಸರ್ಕಾರದವರೇ. ಈಗ ಅವರೇ ಬಣ್ಣದ ಡಬ್ಬಿ ಹಿಡಿದು ಬಂದಿದ್ದಾರೆ. ಥೂ!

ಬೇರೆಯವರ ಪಂಪಾಗಿದ್ದರೆ ಬೈದು ಸುಮ್ಮನಾಗುತ್ತಿದ್ದನೇನೋ. ಆದರೆ ಇದನ್ನು ಅವನು, ಅಮ್ಮ ಸಬೂರಾ ಸತ್ತ ವರ್ಷ, ಅವಳ ಹೆಸರಲ್ಲಿ ದಾರಿಬದಿಗೆ ಹಾಕಿದ್ದ. ಸತ್ತವರ ಹೆಸರಲ್ಲಿ ನೀರಿಟ್ಟರೆ ಜನ ಕುಡಿಯುವವರೆಗೂ ಗುಟುಕು ಗುಟುಕಿನ ಪುಣ್ಯ ಗೋರಿಗೆ ಹೋಗಿ ಸೇರುತ್ತದೆ. ಏಳು ವರ್ಷದಿಂದ ಸೇರುತ್ತಿತ್ತು. ಸೇರಿದ್ದು ಏನು?

ಅದನ್ನೇ ಮಸೀದಿಯ ಇಮಾಮರನ್ನು, ಊರವರ ಹುಜೂರರನ್ನು, ಹೋಗಿ ಕೇಳಿದ. ಹುಜೂರರು ಹಲ್ಲುಕಡ್ಡಿ ಜಗಿಯುವುದನ್ನು ನಿಲ್ಲಿಸಿ, "ಅಲ್ಲಾಹ್ ನೋಡೋದು ಮನಸ್ಸನ್ನ ಕಣಪ್ಪಾ. ನಿನ್ನ ಮನಸ್ಸು ಚೊಕ್ಕವಾಗಿತ್ತು," ಎಂದರು.

"ನನ್ನ ಮನಸ್ಸನ್ನ ಯಾರೂ ಕುಡೀತಿಲ್ಲ ಹುಜೂರ್. ನೀರು ಕುಡೀತಿದಾರೆ."

ಹುಜೂರರು ಮತ್ತೆ ಹಲ್ಲುಕಡ್ಡಿ ಬಾಯಿಗಿಟ್ಟುಕೊಂಡರು.

ಮನೆಗೆ ಬಂದರೆ ಜೊಹುರಾ ಖಾಲಾ ಅಕ್ಕಿ ತೊಳೆಯುತ್ತಿದ್ದಳು. ಅಮ್ಮನ ತಂಗಿ, ಅವನನ್ನು ಸಾಕಿದ್ದು ಅರ್ಧಕ್ಕರ್ಧ ಅವಳೇ. ಅವಳ ಕತ್ತಿನ ಮೇಲೆ, ಧೂಳಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಕಪ್ಪು ಚುಕ್ಕೆ. ಅಂಗೈಯಲ್ಲಿ ಗಟ್ಟಿ ಗಂಟು. ಎರಡು ವರ್ಷದಿಂದ ಒಂದು ಬೆರಳಿನ ಹುಣ್ಣು ಮಾಯುತ್ತಿಲ್ಲ. ಸುಣ್ಣ, ಬೇವು, ತಾಯತ ಎಲ್ಲ ಆಗಿತ್ತು. ಅದೆಲ್ಲ ಆ ನೀರಿನ ಕೆಲಸವೆಂದು ಅವನಿಗೆ ಇವತ್ತು ಗೊತ್ತಾಯಿತು.

"ಆ ನೀರು ಚೆಲ್ಲು ಖಾಲಾ."

"ಚೆಲ್ಲಿ ಏನ್ ಬೇಯಿಸ್ಲಿ, ನಿನ್ನ ತಲೇನಾ?"

ಅವನು ಸ್ಪ್ಯಾನರ್ ತೆಗೆದುಕೊಂಡು ಹೋಗಿ ಪಂಪಿನ ಹಿಡಿಯನ್ನೇ ಬಿಚ್ಚಿ ತಂದ. ಊರಿಗೆ ಹಸಿರು ಪಂಪು ಇರುವುದು ಒಂದೇ, ಹೊಳೆಯಾಚೆ, ದೋಣಿಗೆ ಕಾಯಬೇಕು. ಮೊದಲ ದಿನ ಹೆಂಗಸರು ಬೈದರು. ಎರಡನೇ ದಿನ ಅಂಗಳಕ್ಕೇ ಬಂದರು. "ಸಬೂರಾ ಅಕ್ಕನ ಬಾಯಿಂದ ನೀರು ಕಿತ್ಕೊಂಡ್ಯಲ್ಲೋ, ಮಗನಾ ನೀನು?" ಎಂದು ಒಬ್ಬಳು. "ಮದ್ವೆ ಆಗಿಲ್ಲ ನೋಡು, ಕೊಡ ಹೊರೋಳು ಮನೇಲಿಲ್ಲ, ಅದಕ್ಕೇ ಈ ಕೊಬ್ಬು," ಎಂದು ಇನ್ನೊಬ್ಬಳು. ಅವನು ಹಿಡಿಯನ್ನು ಎದೆಗೊತ್ತಿಕೊಂಡು ಕೂತೇ ಇದ್ದ. ಮೂರನೇ ದಿನ ಸಂಜೆ ಖಾಲಾ ಕೆರೆಯಿಂದ ಕೊಡ ತುಂಬಿಕೊಂಡು ಬಂದು ಅವನ ಮುಂದೆ ಕುಕ್ಕಿದಳು. ಹಸಿರು ನೀರು. ಮೇಲೆ ಒಂದು ಬಾತುಕೋಳಿಯ ಪುಕ್ಕ.

"ನಿನ್ನ ತಮ್ಮ ಇದನ್ನೇ ಕುಡಿದು ಒಂದೇ ದಿನಕ್ಕೆ ವಾಂತಿಭೇದಿಲಿ ಹೋದ. ನಿನ್ನ ಪಂಪು ಕೊಂದ್ರೆ ಹತ್ತು ವರ್ಷ ಟೈಮ್ ಕೊಡುತ್ತೆ. ಯಾವುದು ಕುಡೀಲಿ? ನೀನೇ ಹೇಳು, ನಾನು ಕುಡೀತೀನಿ."

ಮರುದಿನ ನಡು ಮಧ್ಯಾಹ್ನ ತೊರಾಬ್, ಯಾರೂ ಇಲ್ಲದ ಹೊತ್ತು ನೋಡಿ, ಹೋಗಿ ಹಿಡಿಯನ್ನು ಮತ್ತೆ ಕೂರಿಸಿದ.

ನಟ್ಟು ಬಿಗಿಮಾಡುವಾಗ ಬೆನ್ನ ಹಿಂದೆ ನೆರಳು ಬಿತ್ತು. ತುಂಬು ಬಸುರಿ ಹೆಂಗಸು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಆಸ್ಪತ್ರೆಯ ಚೀಟಿ. ಚೈತ್ರದ ಬಿಸಿಲಿಗೆ ಅವಳ ತುಟಿ ಬಿರಿದಿತ್ತು.

"ಒಂಚೂರು ಒತ್ತಿ ಭಾಯ್. ಬಗ್ಗಕ್ಕಾಗಲ್ಲ."

"ಕೆಂಪು ಕಾಣಿಸ್ತಿಲ್ವಾ?"

"ಕಾಣಿಸ್ತಿದೆ. ನಮ್ಮೂರಲ್ಲೂ ಎಲ್ಲಾ ಕೆಂಪೇ. ಒತ್ತಿ."

ಅವನು ದಾರಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಗದ್ದೆ ಬಿಟ್ಟರೆ ಏನೂ ಇರಲಿಲ್ಲ. ಒತ್ತಿದ. ಅವಳು ಬೊಗಸೆಯೊಡ್ಡಿ ಕುಡಿದಳು. ನಿಲ್ಲಿಸಿ ಉಸಿರೆಳೆದುಕೊಂಡು ಮತ್ತೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು:

"ಎಷ್ಟು ತಣ್ಣಗಿದೆ! ಯಾರ ಹೆಸರಲ್ಲಿ ಹಾಕ್ಸಿದ್ದು?"

"ಸಬೂರಾ," ಎಂದ. "ನಮ್ಮಮ್ಮ."

ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದುಕೊಂಡಳು. ಹೊರಟವಳು ನಿಂತಳು. ಅವನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ತಿರುಗಿ ಬಂದು ಮತ್ತೆ ಬೊಗಸೆಯೊಡ್ಡಿದಳು.

"ಒತ್ತಿ ಭಾಯ್. ಅಮ್ಮನ ಪಾಲಿಗೆ ಇನ್ನೊಂದು ಬೊಗಸೆ."