ನೀಲಾಳ ಹೊಲಿಗೆ ಯಾಕೆ ಒಣಗಲಿಲ್ಲ?

ಸಂಗೊಳ್ಳಿಯ ನೀಲಾಗೆ ತಿಂಗಳ ಮುಟ್ಟು ಬಂದರೆ ನಿಲ್ಲುತ್ತಲೇ ಇರಲಿಲ್ಲ. ಮೈಯಲ್ಲಿನ ರಕ್ತವೆಲ್ಲ ಬಸಿದು ಹೋಗಿ, ಒಂದು ಕೊಡ ನೀರು ಎತ್ತಿದರೂ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಉಷ್ಣ ಆಗಿರಬೇಕು ಎಂದು ಜೀರಿಗೆ ನೀರು ಕುಡಿದುಕೊಂಡೇ ಬಹಳ ದಿನ ತಳ್ಳಿದಳು. ಕಡೆಗೆ ಬೈಲಹೊಂಗಲದ ಡಾಕ್ಟರಮ್ಮ ತಪಾಸಣೆ ಮಾಡಿ, ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಆಪರೇಷನ್ ಮಾಡಲೇಬೇಕು ಎಂದರು. ಗಂಡ ನಿಜಗುಣಪ್ಪ ಸೋಯಾ ರಾಶಿ ಮುಗಿಸಿ, ದಿನ ಗೊತ್ತು ಮಾಡಿಕೊಂಡು ಬಂದ.

ಆದರೆ ರಕ್ತ ಪರೀಕ್ಷೆ ಆದ ಮೇಲೆ ಡಾಕ್ಟರಮ್ಮ, ಸಕ್ಕರೆ ಬಹಳ ಏರಿದೆ ಎಂದು ಆ ದಿನವನ್ನು ಮುಂದೂಡಿದರು. ನೀಲಾಳ ಸಕ್ಕರೆ ಕಾಯಿಲೆ ಹೊಸದೇನಲ್ಲ. ಗುಳಿಗೆಯೂ ಮನೆಯಲ್ಲಿತ್ತು. ನೆನಪಾದಾಗ ನುಂಗುತ್ತಿದ್ದಳು, ನೆನಪಾಗುವುದು ಮಾತ್ರ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ದಿನ ತಪ್ಪಿದ್ದಕ್ಕೆ ನಿಜಗುಣಪ್ಪನಿಗೆ ಸಿಟ್ಟು ಬಂದಿತ್ತು. ಊರಿನ ಆಶಾ ಕಾರ್ಯಕರ್ತೆ ಉಮಾಶ್ರೀ ಮನೆಗೆ ಬಂದಾಗ ಅವಳ ಮುಂದೆ ಹೊರಹಾಕಿದ.

“ಗಡ್ಡಿ ಇರೂದು ಹೊಟ್ಟ್ಯಾಗ. ಸಕ್ಕರಿ ಇರೂದು ರಕ್ತದಾಗ. ಅದಕ್ಕೂ ಇದಕ್ಕೂ ಏನ ಸಂಬಂಧ?”

“ಕೊಯ್ದ ಹೊಟ್ಟಿ ಮತ್ತ ಕೂಡಬೇಕಲ್ಲರಿ ಅಣ್ಣಾರ,” ಎಂದಳು ಉಮಾಶ್ರೀ. “ರಕ್ತದಾಗ ಸಕ್ಕರಿ ಏರಿದ್ರ ಗಾಯ ಲಗೂನ ಕೂಡೂದಿಲ್ಲ, ಕೀವು ಹಿಡಿತೈತಿ. ಮೊದಲ ಸಕ್ಕರಿ ಹತೋಟಿಗೆ ತರೂಣು, ಆಮ್ಯಾಲ ಕತ್ತರಿ.”

ರಕ್ತ ಕಡಿಮೆ ಹೋಗಲೆಂದು ಡಾಕ್ಟರಮ್ಮ ಬೇರೆ ಗುಳಿಗೆ ಕೊಟ್ಟಿದ್ದರು. ಮುಂದಿನ ಕೆಲವು ವಾರ ನೀಲಾ ಸಕ್ಕರೆ ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ನುಂಗಿದಳು. ಇನ್ಸುಲಿನ್ ಬೇಕು ಎಂದಾಗ ಮೊದಲು ಅತ್ತಳು, ಆಮೇಲೆ ಚುಚ್ಚಿಸಿಕೊಂಡಳು. ಚಹಾಕ್ಕೆ ಸಕ್ಕರೆ ಬಿಟ್ಟಳು, ಅನ್ನ ಕಡಿಮೆ ಮಾಡಿದಳು, ಸಂಜೆ ಹೊಲದ ದಾರಿಯಲ್ಲಿ ಮೆಲ್ಲಗೆ ನಡೆದಳು. ಸಕ್ಕರೆ ಇಳಿಯಿತು. ಹೊಸ ದಿನ ಗೊತ್ತಾಯಿತು.

ಉಮಾಶ್ರೀ ಇನ್ನೊಂದು ಮಾತು ಹೇಳಿಕೊಟ್ಟಿದ್ದಳು. ಆಪರೇಷನ್ನಿಗೆ ಉಪವಾಸ ಇರಬೇಕಾಗುತ್ತದೆ. ಆವತ್ತು ಯಾವ ಗುಳಿಗೆ ತೆಗೆದುಕೊಳ್ಳಬೇಕು, ಯಾವುದನ್ನು ಯಾವಾಗಿಂದ ನಿಲ್ಲಿಸಬೇಕು, ಇನ್ಸುಲಿನ್ ಎಷ್ಟು ಎಂದು ಮೊದಲೇ ಡಾಕ್ಟರನ್ನೇ ಕೇಳಬೇಕು. ಖಾಲಿ ಹೊಟ್ಟೆಗೆ ಎಂದಿನಂತೆ ನುಂಗಿದರೆ ಸಕ್ಕರೆ ತೀರ ಕೆಳಗಿಳಿದು ಎಚ್ಚರ ತಪ್ಪಬಹುದು. ಹೆದರಿ ಎಲ್ಲವನ್ನೂ ತಾನೇ ಬಿಟ್ಟರೆ ಮತ್ತೆ ಏರಬಹುದು. ನೀಲಾ ಕೇಳಿದಳು, ಹೇಳಿದಂತೆ ಮಾಡಿದಳು. ಆಪರೇಷನ್ ಸುಸೂತ್ರವಾಗಿ ಆಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ನೀಲಾ ಮನೆಗೆ ಬಂದ ಮರುದಿನವೇ ಮುನವಳ್ಳಿಯಿಂದ ಅವಳ ಅವ್ವ ರಾಚವ್ವ ಬಂದಳು, ಡಬ್ಬಿ ತುಂಬ ಅಂಟಿನುಂಡಿ ಹೊತ್ತುಕೊಂಡು.

ನಮ್ಮ ಕಡೆ ಹೊಟ್ಟೆ ಕೊಯ್ಸಿಕೊಂಡವಳೂ ಒಂದು ಲೆಕ್ಕದಲ್ಲಿ ಬಾಣಂತಿಯೇ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳಗ್ಗೆ ಸಂಜೆ ಬಿಸಿ ಹಾಲಿನ ಜೊತೆ ಅಂಟಿನುಂಡಿ. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಮೇಲೆ ಬೆಲ್ಲದ ಪಾಕ. ಈ ವಯಸ್ಸಿನಲ್ಲೂ ರಾಚವ್ವ ಎಲ್ಲವನ್ನೂ ತಾನೇ ಕುಟ್ಟಿ ಕಟ್ಟಿದ್ದಳು. ಅದರ ಹಿಂದೆ ಒಂದು ಸಂಕಟವೂ ಇತ್ತು. ನೀಲಾಳ ಎರಡನೆಯ ಹೆರಿಗೆಯ ಹೊತ್ತಿಗೆ ರಾಚವ್ವನ ಗಂಡ ಹಾಸಿಗೆ ಹಿಡಿದಿದ್ದ. ಮಗಳ ಬಾಣಂತನ ಮಾಡಲು ಆಗಿರಲಿಲ್ಲ. ಅದು ಇವತ್ತಿಗೂ ಅವಳ ಎದೆಯಲ್ಲಿ ಕೊರೆಯುತ್ತಿತ್ತು. ಮಗಳಿಗೂ ಅದು ಗೊತ್ತು. ಹಾಗಾಗಿ ಅವ್ವ ಕೈಗೆ ಉಂಡಿ ಇಟ್ಟಾಗ ಬೇಡ ಎನ್ನಲು ನೀಲಾಗೆ ಬಾಯಿ ಬರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಹೊಲಿಗೆ ಒದ್ದೆಯಾಗತೊಡಗಿತು. ಸುತ್ತ ಕೆಂಪಗೆ ಊದಿಕೊಂಡಿತು, ಮೈ ಕಾಯುತ್ತಿತ್ತು. ಯಾರದೋ ಕಣ್ಣು ತಾಗಿದೆ ಎಂದು ರಾಚವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಗಾಯಕ್ಕೆ ಹಚ್ಚಲು ಅರಿಶಿನ ಅರೆಯುತ್ತ ಕುಳಿತಳು. ಅಷ್ಟರಲ್ಲಿ ಉಮಾಶ್ರೀ ಬಂದಳು. ಅರಿಶಿನ ಹಚ್ಚಬೇಡಿ ಎಂದು ತಡೆದು, ಗಾಯ ನೋಡಿದಳು, ಬೆರಳು ಚುಚ್ಚಿ ಮಶೀನಿನಲ್ಲಿ ಪರೀಕ್ಷೆ ಮಾಡಿದಳು. ಸಕ್ಕರೆ ಮುನ್ನೂರು ದಾಟಿತ್ತು.

ಏನು ತಿನ್ನುತ್ತಿದ್ದೀ ಎಂದು ಕೇಳಿದಳು. ನೀಲಾ ರೊಟ್ಟಿ, ಪಲ್ಯ, ಮಜ್ಜಿಗೆ ಎಂದಳು, ಉಂಡಿಯ ಮಾತು ಎತ್ತಲಿಲ್ಲ. ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಿಲ್ಲ ಎಂದು ನಿಜಗುಣಪ್ಪ ಸಾಕ್ಷಿ ಹೇಳಿದ. ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ಕಡೆಗೆ ರಾಚವ್ವನೇ ಬಾಯಿಬಿಟ್ಟಳು.

“ಮುಂಜಾನಿ ಎರಡು, ಸಂಜೀಕ ಎರಡು ಅಂಟಿನುಂಡಿ ಕೊಟ್ಟೇನಿ. ಆದ್ರ ಅದ್ರಾಗ ಒಂದು ಹಳಕು ಸಕ್ಕರಿ ಇಲ್ಲ. ಆಕಿಗೆ ಸಕ್ಕರಿ ಬ್ಯಾನಿ ಐತಂತನ ಬರೇ ಬೆಲ್ಲ ಹಾಕೇನಿ.”

“ಬೆಲ್ಲ ಹಾಕ್ರಿ, ಜೇನತುಪ್ಪ ಹಾಕ್ರಿ, ರಕ್ತಕ್ಕ ಹೋಗಿ ಅದು ಸಕ್ಕರೀನ ಆಗತೈತಿ, ಅಮ್ಮಾ,” ಎಂದಳು ಉಮಾಶ್ರೀ.

ರಾಚವ್ವ ಅಷ್ಟಕ್ಕೆ ಒಪ್ಪುವವಳಲ್ಲ. ತಾನು ಮೂರು ಹಡೆದವಳು, ಮೂರೂ ಸಲ ಇದೇ ಉಂಡಿ ತಿಂದು ಎದ್ದವಳು ಎಂದಳು. ನಿಮಗೆ ಆಗ ಈ ಬೇನೆ ಇರಲಿಲ್ಲ, ಇವಳಿಗಿದೆ ಎಂದು ಉಮಾಶ್ರೀ ಸಮಾಧಾನದಿಂದಲೇ ಹೇಳಿದಳು. ಆಮೇಲೆ ಮಾತು ಬೆಳೆಸಲಿಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ ಎಂದು ತಾನೇ ಗಾಡಿ ಕರೆಸಿದಳು.

ಡಾಕ್ಟರಮ್ಮ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದರು. ಅಲ್ಲೇ ಉಳಿಸಿಕೊಂಡು ಔಷಧ ಕೊಟ್ಟರು, ಇನ್ಸುಲಿನ್ ಹೆಚ್ಚಿಸಿದರು. ಇನ್ನೂ ತಡ ಮಾಡಿದ್ದರೆ ಕೀವು ಹೊಟ್ಟೆಯೊಳಕ್ಕೆ ಇಳಿದು ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು. ಕೊಯ್ದ ಜಾಗ ಬಿಚ್ಚಿಕೊಂಡದ್ದನ್ನು ರಾಚವ್ವ ಕಣ್ಣಾರೆ ನೋಡಿದಳು. ಮಂಚದ ಪಕ್ಕ ನೆಲಕ್ಕೆ ಕುಳಿತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

“ನನ್ನ ಕೈಯಾರೆ ನಿನ್ನ ಹೊಟ್ಟಿಗೆ ವಿಷ ಹಾಕಿದ್ನಲ್ಲವಾ ಮಗಳ.”

ನೀಲಾ ಅವ್ವನ ಕೈ ಹಿಡಿದುಕೊಂಡಳು. “ನೀ ಕೊಟ್ಟಿದ್ದಕ್ಕ ಹಿಂಗಾಗಿಲ್ಲವ್ವಾ. ನಾ ಬ್ಯಾಡ ಅನ್ನಲಿಲ್ಲ, ಅದಕ್ಕ ಆತು. ನಿನ್ನ ಮನಸು ನೋಯತೈತಿ ಅಂತ ನನ್ನ ಜೀವಾನ ಮರತ್ನಿ.”

ರಾಚವ್ವ ಕಣ್ಣು ಒರೆಸಿಕೊಂಡು, “ಹಂಗಾರ ಈಗ ಹೇಳು, ಏನ ಮಾಡಿ ಹಾಕ್ಲಿ?” ಎಂದು ಕೇಳಿದಳು.

ಗಾಯ ಕೂಡಲು ಕಾಳು ಬೇಳೆ ಚೆನ್ನಾಗಿ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ರಾಚವ್ವ ಮೊಳಕೆ ಬಂದ ಹೆಸರುಕಾಳಿನ ಪಲ್ಯ ಮಾಡಿದಳು, ಮೆಂತೆ ಸೊಪ್ಪು ಹಾಕಿ ಬೇಳೆ ಮಾಡಿದಳು, ಹೇಳಿದಷ್ಟೇ ರೊಟ್ಟಿ ಬಡಿದಳು. ರೋಗಿಯನ್ನು ಮಾತಾಡಿಸಲು ಬಾಳೆಹಣ್ಣು, ಬಿಸ್ಕೀಟು ಹಿಡಿದು ಬಂದವರಿಗೆ ಬಾಗಿಲಲ್ಲೇ, ಅದನ್ನು ನಿಮ್ಮ ಮೊಮ್ಮಕ್ಕಳಿಗೆ ಕೊಡಿ ಎಂದು ಹೇಳಿಬಿಟ್ಟಳು. ಒಂದಿಬ್ಬರು ಮುಖ ಗಂಟು ಹಾಕಿಕೊಂಡು ಹೋದರು. ಹೋಗಲಿ ಬಿಡಿ. ನೀಲಾಳ ಗಾಯ ನಿಧಾನವಾಗಿ ಒಣಗಿತು. ಈಗ ಅವಳು ಕೊಡ ಹೊತ್ತರೆ ಕಣ್ಣಿಗೆ ಕತ್ತಲೆ ಬರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಯಾವುದೇ ಆಪರೇಷನ್ ಇದ್ದರೆ ಕಾಯಿಲೆಯನ್ನು ಮುಚ್ಚಿಡಬೇಡಿ. ನುಂಗುವ ಗುಳಿಗೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ದಿನ ಮುಂದೆ ಹೋದರೆ ಸಿಟ್ಟಾಗಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ. ಆಪರೇಷನ್ ಆದ ಮೇಲೂ ಹೇಳಿದ ಹೊತ್ತಿಗೆ ಸಕ್ಕರೆ ಪರೀಕ್ಷೆ ಮಾಡಿಸಿ. ಗಾಯ ಕೆಂಪಾದರೆ, ಒದ್ದೆಯಾದರೆ, ಜ್ವರ ಬಂದರೆ ಮನೆಮದ್ದು ಹಚ್ಚುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಇದಕ್ಕೆ ತಿರುಗುಮುರುಗಾಗಿ ರೋಗಿ ಬೆವೆತು ನಡುಗಿದರೆ, ತಲೆ ಸುತ್ತಿದರೆ ಸಕ್ಕರೆ ಇಳಿದಿರಬಹುದು. ಎಚ್ಚರ ಇದ್ದರೆ ಆಗ ಮಾತ್ರ ತಡಮಾಡದೆ ಸಕ್ಕರೆ ನೀರು ಕುಡಿಸಿ, ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ರೋಗಿಗೆ ತುತ್ತು ಕೊಡುವ ಮೊದಲು, ಡಾಕ್ಟರು ಏನು ಹೇಳಿದ್ದಾರೆ ಎಂದು ಕೇಳಿ. ರೋಗಿ ನೀವೇ ಆಗಿದ್ದರೆ, ಕೊಡುವ ಕೈ ಹೆತ್ತ ತಾಯಿಯದೇ ಆಗಿದ್ದರೂ ಬೇಡ ಎನ್ನಿ. ಅವ್ವನ ಮನಸ್ಸು ನಾಳೆ ಸರಿಹೋಗುತ್ತದೆ. ನೀವು ಉಳಿದಿರಬೇಕು, ಅಷ್ಟೇ.